ಎಲೆರಾಶಿಯೊಳಗಿನ ಚಾಕು

ಫಿನ್‌ಲ್ಯಾಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಚಳಿಯ ವಿಷಯ, ಆಮೇಲೆ ಊಟದ ವಿಷಯ. ಶಾಲೆ ಹೇಗಿತ್ತು ಎಂದು ಕೇಳುವವರು ಕಡಿಮೆ. ನಾವು ಹೋಗಿದ್ದು ಶಾಲೆ ನೋಡುವುದಕ್ಕೇ. ಯಾರಾದರೂ ಕೇಳಿದರೂ ನಾನು ಏನೋ ಒಂದು ಹೇಳಿ ಮಾತು ಮುಗಿಸುತ್ತೇನೆ. ಆ ಶಾಲೆ ಎಂದರೆ ನನಗೆ ನೆನಪಾಗುವುದು ಒಂದೇ ಒಂದು ಮಧ್ಯಾಹ್ನ. ಅದು ಅರ್ಥವಾಗಬೇಕಾದರೆ ಅರಕಲಗೂಡಿನ ನಮ್ಮವ್ವನ ಮನೆಯಿಂದಲೇ ಶುರು ಮಾಡಬೇಕು.

ಅರಕಲಗೂಡು

ನಾನು ಹೊಳೆನರಸೀಪುರದ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಹೆಸರು ಶಶಿಕಲಾ. ಮಕ್ಕಳು ಕೈಯಿಂದ ಮಾಡಿ ಕಲಿಯುವುದನ್ನು ಹೊರದೇಶದಲ್ಲಿ ಹೇಗೆ ನಡೆಸುತ್ತಾರೆ, ನೋಡಿಕೊಂಡು ಬರಲಿ ಎಂದು ಒಂದು ಸಂಸ್ಥೆಯವರು ನಮ್ಮ ಜಿಲ್ಲೆಯಿಂದ ಇಬ್ಬರನ್ನು ಆರಿಸಿದ್ದರು. ನಾನೊಬ್ಬಳು. ಇನ್ನೊಬ್ಬರು ಚನ್ನರಾಯಪಟ್ಟಣ ತಾಲ್ಲೂಕಿನ ಮಂಜೇಗೌಡ ಮೇಷ್ಟ್ರು, ನುಗ್ಗೇಹಳ್ಳಿ ಕಡೆಯವರು. ಹಾಸನದ ತರಬೇತಿಗಳಲ್ಲಿ ಅವರನ್ನು ನೋಡಿದ್ದೆ. ಅವರಿಗೆ ಮಾತು ಜಾಸ್ತಿ, ಗಾಬರಿ ಎನ್ನುವುದೇ ಇಲ್ಲ. ನನಗೆ ಗಾಬರಿಯೂ ಜಾಸ್ತಿ, ಸಿಟ್ಟೂ ಜಾಸ್ತಿ.

ಹೊರಡುವ ಮುಂಚೆ ತವರಿಗೆ ಹೋಗಿದ್ದೆ. ಅವ್ವ ಬೆಳಗಿನಿಂದ ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು ಎಂದು ಒಂದೊಂದೇ ಕಟ್ಟಿ ತಂದು ಕೈಗೆ ಕೊಡುತ್ತಿದ್ದಳು. ಮೆಣಸಿನಪುಡಿ ಮತ್ತು ಹಣ್ಣು ಹೆಚ್ಚುವ ಒಂದು ಪುಟ್ಟ ಚಾಕುವನ್ನು ಮಾತ್ರ ತಂದು ಚಾಪೆಯ ಮೇಲಿಟ್ಟು ಹಿಂದೆ ಸರಿದಳು.

"ಕೈಗೇ ಕೊಡವ್ವ, ನಂಗೆ ಹೊತ್ತಾಯ್ತದೆ" ಎಂದೆ.

"ಅಷ್ಟು ದೂರ ಓಗೋಳು, ಜಗಳ ಮಾಡ್ಕಂಡ್ ಓಯ್ತೀಯಾ? ಎತ್ಕ" ಎಂದಳು.

ನಮ್ಮ ಕಡೆ ಚಾಕು, ಕತ್ತರಿ, ಮೆಣಸಿನಕಾಯಿ ಇಂಥವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ ಎಂದು ನಂಬಿಕೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಆದರೆ ಹುಟ್ಟಿದಾಗಿನಿಂದ ಯಾರ ಕೈಗೂ ಚಾಕು ಕೊಟ್ಟವಳಲ್ಲ, ಯಾರ ಕೈಯಿಂದಲೂ ಇಸಿದುಕೊಂಡವಳಲ್ಲ. ತಲೆ ನಂಬದಿದ್ದರೂ ಕೈ ನಂಬುತ್ತದೆ. ಆವತ್ತೂ ಬಗ್ಗಿ ಎತ್ತಿಕೊಂಡೆ. ವಿಮಾನದವರು ತಕರಾರು ಮಾಡಿಯಾರು ಎಂದು ಆಮೇಲೆ ಚಾಕುವನ್ನು ಅಲ್ಲೇ ಗೂಡಿನಲ್ಲಿ ಇಟ್ಟು ಬಂದೆ.

ಹಿರೀಸಾವೆ, ಆಮೇಲೆ ವಿಮಾನ ನಿಲ್ದಾಣ

ಮಂಜೇಗೌಡರು ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿದರು. ಹೆಗಲಿಗೆ ಒಂದು ಚೀಲ. ಅದನ್ನು ಸೀಟಿನ ಮೇಲೆ ಇಟ್ಟಾಗ ಸೀಟೇ ಕುಗ್ಗಿತು. ಹಿರೀಸಾವೆಯ ಹೋಟೆಲಿನ ಮುಂದೆ ಬಸ್ಸು ನಿಂತಾಗ ಕಾಫಿ ಕುಡಿಯುತ್ತಾ ಅದರಲ್ಲಿ ಏನಿದೆ ಎಂದು ಕೇಳಿದೆ. ಹೆಂಡತಿಯ ಹಳೇ ಸೀರೆಯ ತುಂಡು ಬಿಚ್ಚಿ ತೋರಿಸಿದರು. ಬಳೆಯಾಕಾರದ, ಕಪ್ಪಗೆ ದಪ್ಪಗಿದ್ದ ಒಂದು ಅಯಸ್ಕಾಂತ. ಮದುವೆ ಮನೆಗಳಿಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರ ಹತ್ತಿರ ಕೆಟ್ಟ ಸ್ಪೀಕರ್ ಇಸಿದುಕೊಂಡು, ಒಡೆದು ತೆಗೆದಿದ್ದಂತೆ.

"ಇದ್ಯಾಕೆ ಮೇಷ್ಟ್ರೇ ಅಷ್ಟು ದೂರಕ್ಕೆ?"

"ಇದ್ಕೆ ಹಗ್ಗ ಕಟ್ಟಿ ಹೊಳೆ ಮರಳಲ್ಲಿ ಎಳುದ್ರೆ ಕಬ್ಬಿಣದ ಪುಡಿಯೆಲ್ಲ ಮೀಸೆ ಅಂಗೆ ಅಂಟ್ಕತದೆ ಮೇಡಂ. ನಮ್ ಐಕ್ಳು ಈ ಪಾಠ ಅಂದ್ರೆ ಪ್ರಾಣ ಬುಡ್ತವೆ. ಅಲ್ಲೀ ಮಕ್ಳೂ ನೋಡ್ಲಿ ಬುಡಿ."

"ಅಲ್ಲಿ ಅಯಸ್ಕಾಂತ ಇರಲ್ವಾ?"

"ಇರ್ತದೆ. ನಮ್ದು ಇರಲ್ವಲ್ಲ."

ಇದು ಎಲ್ಲೋ ಸಿಕ್ಕಿಹಾಕಿಸುತ್ತದೆ ಎಂದು ನನಗೆ ಆಗಲೇ ಅನ್ನಿಸಿತ್ತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ನಿಜವಾಯಿತು. ಯಂತ್ರದೊಳಗೆ ಹೋದ ಚೀಲ ಹೊರಗೆ ಬರಲೇ ಇಲ್ಲ. ಸಮವಸ್ತ್ರದ ಒಬ್ಬರು ಬಂದರು, ಇನ್ನೊಬ್ಬರನ್ನು ಕರೆದರು, ಅವರು ದೊಡ್ಡವರೊಬ್ಬರನ್ನು ಕರೆದರು. ಬಿಚ್ಚಿ ನೋಡುವಾಗ ದೊಡ್ಡವರ ಸೊಂಟದಲ್ಲಿದ್ದ ಬೀಗದಕೈ ಗೊಂಚಲು ಹಾರಿ ಹೋಗಿ ಅಯಸ್ಕಾಂತಕ್ಕೆ ಅಂಟಿಕೊಂಡಿತು. ಅದನ್ನು ಬಿಡಿಸಲು ಇಬ್ಬರು ಬೇಕಾದರು. ನಾನು ಆಚೆ ಸಾಲಿನಲ್ಲಿ ಆ ಮನುಷ್ಯನನ್ನು ಈ ಜನ್ಮದಲ್ಲಿ ಕಂಡೇ ಇಲ್ಲ ಎನ್ನುವ ಮುಖ ಮಾಡಿಕೊಂಡು ನಿಂತಿದ್ದೆ. ಮಂಜೇಗೌಡರು ಅಲ್ಲಿಂದಲೇ ಕೈ ಎತ್ತಿ, "ಅಗೋ, ನಮ್ ಮೇಡಂನ ಕೇಳಿ ಸಾ, ನಾವು ಪಾಠ ಮಾಡೋರು" ಎಂದುಬಿಟ್ಟರು. ನನ್ನ ಚೀಲವನ್ನೂ ಬಿಚ್ಚಿಸಿದರು. ಅವ್ವನ ನಿಪ್ಪಟ್ಟು ಒಂದೊಂದೇ ಹೊರಗೆ ಬಂತು.

ಕೊನೆಗೆ ಬಿಟ್ಟರು.

ಕೆರೆಯ ದಡದ ಶಾಲೆ

ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ಒಂದು ಕೆರೆ, ಸುತ್ತ ಮನೆಗಳು, ಮನೆಗಳ ಹಿಂದೆ ಕಾಡು. ಕೆರೆ ನೋಡಿದ ಮಂಜೇಗೌಡರು "ಇಷ್ಟ್ ನೀರದೆ, ಒಂದ್ ಗದ್ದೆ ಇಲ್ವಲ್ಲ ಮೇಡಂ" ಎಂದು ನಿಜವಾಗಿ ಮರುಗಿದರು.

ಶಾಲೆಯಲ್ಲಿ ಎಲ್ಲರೂ ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ಓಡಾಡುತ್ತಾರೆ, ಮುಖ್ಯೋಪಾಧ್ಯಾಯಿನಿಯೂ. ಇದು ನಮ್ಮಂಥದ್ದೇ ಎಂದು ಸಮಾಧಾನವಾಯಿತು. ಆದರೆ ಮಕ್ಕಳು ಟೀಚರನ್ನು ಹೆಸರು ಹಿಡಿದು ಕೂಗುತ್ತಾರೆ. ಮೂರನೇ ತರಗತಿಯ ಟೀಚರು ಲೀಸಾ, ನನಗಿಂತ ಹಿರಿಯರು, ಅವರು ಅಲ್ಲಿ ಬರೀ ಲೀಸಾ. ನಾನು ಬರೀ ಶಶಿ. ಮಿಸ್ ಇಲ್ಲ, ಮೇಡಂ ಇಲ್ಲ. ಮೊದಲ ದಿನ ಒಂದು ಮಗು "ಶಶಿ" ಎಂದಾಗ ನಮ್ಮತ್ತೆ ಕರೆದರೇನೋ ಎಂದು ಬೆಚ್ಚಿ ತಿರುಗಿದೆ.

ಶರದೃತು ಎನ್ನುವುದನ್ನು ನಾನು ಮಕ್ಕಳಿಂದ ವರ್ಷವರ್ಷ ಬಾಯಿಪಾಠ ಮಾಡಿಸಿದ್ದೇನೆ, ಕಣ್ಣಿನಿಂದ ಕಂಡಿದ್ದು ಅಲ್ಲೇ. ನಮ್ಮಲ್ಲಿ ಆ ಹೊತ್ತಿಗೆ ರಾಗಿ ತೆನೆ ಬಿಡುತ್ತಿರುತ್ತದೆ, ಹೊಲ ಹಸಿರಾಗಿರುತ್ತದೆ. ಎಲೆ ಉದುರುವುದು ಬೇಸಿಗೆಗೆ ಮುಂಚೆ, ಅದನ್ನು ಯಾರೂ ನಿಂತು ನೋಡುವುದಿಲ್ಲ, ಗುಡಿಸಿ ಬೆಂಕಿ ಹಾಕುತ್ತೇವೆ. ಅಲ್ಲಿ ಎಲೆ ಉದುರುವುದೇ ಪಾಠ. ಕೆಂಪು, ಹಳದಿ, ಕಂದು ಎಂದು ಬೇರೆ ಮಾಡುವುದು, ಎಲೆಗೆ ಬಣ್ಣ ಬಳಿದು ಬಟ್ಟೆಯ ಮೇಲೆ ಅಚ್ಚು ಒತ್ತುವುದು, ಚೀಲಕ್ಕೆ ಎಲೆ ತುಂಬಿ ತೂಕ ಊಹಿಸುವುದು, ಸೇಬು ಹಿಂಡಿ ರಸ ತೆಗೆಯುವುದು. ಇಷ್ಟನ್ನು ನಾವೂ ಮಾಡಿಸಬಹುದು ಎಂದುಕೊಂಡೆ. ಹೊಂಗೆ ಎಲೆ, ಹಲಸಿನ ಎಲೆ ಅಂಟಿಸಿ ನಮ್ಮ ಮಕ್ಕಳೂ ಪುಸ್ತಕ ಮಾಡಿದ್ದಾರೆ.

ಆಮೇಲೆ ಲೀಸಾ ಒಂದು ಮರದ ಪೆಟ್ಟಿಗೆ ತಂದು ಮುಚ್ಚಳ ತೆಗೆದರು. ಒಳಗೆ ಸಾಲಾಗಿ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಚಾಕು. ಆಟದ ಚಾಕುಗಳಲ್ಲ. ಶರತ್ಕಾಲದಲ್ಲಿ ಅಲ್ಲಿನ ಮೂರನೇ ತರಗತಿ ಮಕ್ಕಳು ಮರ ಕೆತ್ತಿ ಬೆಣ್ಣೆ ಸವರುವ ಚಪ್ಪಟೆ ಅಲಗು ಮಾಡುತ್ತಾರೆ. ನಾನು ಕೈವಾರದ ಮುಳ್ಳಿಗೇ ಹೆದರಿ ಮಕ್ಕಳ ಜ್ಯಾಮಿಟ್ರಿ ಡಬ್ಬಿಯನ್ನು ಬೀರುವಿನಲ್ಲಿ ಇಡುವವಳು.

"ಚಾಕುವಿಗೆ ಎರಡೇ ಜಾಗ" ಎಂದು ಲೀಸಾ ಮಕ್ಕಳಿಗೆ ಅವರ ಭಾಷೆಯಲ್ಲೂ ನಮಗೆ ಇಂಗ್ಲಿಷಿನಲ್ಲೂ ಹೇಳಿದರು. "ಕೈ, ಇಲ್ಲದಿದ್ದರೆ ಒರೆ. ಇನ್ನೊಬ್ಬರಿಗೆ ಕೊಡುವಾಗ ಹಿಡಿಯನ್ನು ಅವರ ಕಡೆ ಮಾಡಿ ಕೈಗೇ ಕೊಡಬೇಕು. ಎಂದೂ ನೆಲದ ಮೇಲೆ ಇಡಬಾರದು."

ಮಕ್ಕಳು ಅದನ್ನು ಒಟ್ಟಾಗಿ ಹೇಳಿದರು. ನಾನೂ ತಲೆಯಾಡಿಸಿದೆ. ಮಾತು ಕಿವಿಗೆ ಬಿತ್ತು, ಕೈಗೆ ಬೀಳಲಿಲ್ಲ.

ಇನ್ನೊಂದು ವಿಷಯವನ್ನೂ ಲೀಸಾ ಅವತ್ತೇ ಹೇಳಿದ್ದರು. ಆ ವರ್ಷ ಪೋಷಕರ ಸಭೆಯಲ್ಲಿ ಕೆಲವರು ಇಷ್ಟು ಚಿಕ್ಕ ಮಕ್ಕಳಿಗೆ ಚಾಕು ಬೇಡ ಎಂದು ಪಟ್ಟು ಹಿಡಿದಿದ್ದರಂತೆ. ಮುಖ್ಯೋಪಾಧ್ಯಾಯಿನಿ ಲೀಸಾ ಪರವಾಗಿ ನಿಂತು, ಏನಾದರೂ ದೊಡ್ಡ ಹೆಚ್ಚುಕಮ್ಮಿಯಾದರೆ ಅವತ್ತೇ ಕೆತ್ತನೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. "ಹಾಗಾಗಿ ಎರಡು ಕಣ್ಣು ಸಾಲದು, ನೀವೂ ನೋಡುತ್ತಿರಿ" ಎಂದರು.

ನನ್ನ ಪಾಲಿಗೆ ಬಂದ ಗುಂಪಿನಲ್ಲಿ ಹೆಲ್ಮಿ ಎನ್ನುವ ಹುಡುಗಿ ಇದ್ದಳು. ಮಾತಿಲ್ಲ. ಬೇರೆಯವರು ಸರಸರ ಕೆತ್ತಿ ಮುಗಿಸುತ್ತಿದ್ದರೆ ಇವಳು ಒಂದು ಚೂರು ತೆಗೆದು, ಬೆರಳಿನಿಂದ ಸವರಿ ನೋಡಿ, ಇನ್ನೊಂದು ಚೂರು ತೆಗೆಯುತ್ತಿದ್ದಳು. ಎಲ್ಲರಿಗಿಂತ ಹಿಂದೆ. ಅವಸರ ಮಾಡಿಸಬೇಕೆಂದು ನನಗೆ ಬಾಯಿ ತುರಿಸುತ್ತಿತ್ತು, ಲೀಸಾ ಮಾಡಿಸುತ್ತಿರಲಿಲ್ಲ.

ಕಾಡಿನ ದಿನ

ಮಕ್ಕಳಿಗೆ ನಕ್ಷೆ ಮತ್ತು ದಿಕ್ಸೂಚಿ ಕೊಟ್ಟು ಕಾಡಿಗೆ ಬಿಡುವುದು ಅಲ್ಲಿನ ಇನ್ನೊಂದು ಪಾಠ. ಮರಗಳಿಗೆ ಕಟ್ಟಿದ ಗುರುತುಗಳನ್ನು ಹುಡುಕಿಕೊಂಡು ಹೊತ್ತಿಗೆ ಸರಿಯಾಗಿ ವಾಪಸ್ಸು ಬರಬೇಕು. ಒಂದು ಗುಂಪಿನ ಜೊತೆ ಮಂಜೇಗೌಡರು ಹೋದರು. ಎಲ್ಲ ಗುಂಪುಗಳೂ ಬಂದವು, ಆ ಗುಂಪು ಬರಲಿಲ್ಲ.

ಮೋಡ ಕವಿಯಿತು. ಲೀಸಾ ಗಡಿಯಾರ ನೋಡಿದರು, ಸೀಟಿ ಊದಿದರು, ಮತ್ತೆ ಊದಿದರು. ನಾನು ಅರಕಲಗೂಡಿನ ದೇವರಿಗೂ ಹೊಳೆನರಸೀಪುರದ ದೇವರಿಗೂ ಒಟ್ಟಿಗೆ ಹರಕೆ ಹೊತ್ತೆ. ಕೊನೆಗೆ ಯಾರೂ ಎಣಿಸದ ದಿಕ್ಕಿನಿಂದ, ಒದ್ದೆ ಬೂಟುಗಳಲ್ಲಿ, ಆ ಗುಂಪು ಬಂತು. ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ಮೇಷ್ಟ್ರ ಕಡೆಗೇ ತಿರುಗುತ್ತಿತ್ತಂತೆ. ಅವರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಹೆಗಲ ಮೇಲಿನ ಚೀಲದಲ್ಲಿ ಆ ಅಯಸ್ಕಾಂತ ಇತ್ತು.

ಲೀಸಾ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೈ ಚಾಚಿದರು. ಮಂಜೇಗೌಡರು ಸೀರೆತುಂಡಿನ ಸಮೇತ ಕೊಟ್ಟರು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಊರ ಮಾನ ಕಳೆದ್ರಲ್ಲ ಮೇಷ್ಟ್ರೇ" ಎಂದೆ.

"ಕಳ್ದೋದ ಮಕ್ಳು ಸಿಕ್ಕಿದ್ವಲ್ಲ ಮೇಡಂ, ಮಾನನೂ ಎಲ್ಲಾರ ಸಿಕ್ತದೆ ಬುಡಿ" ಎಂದರು. ಆ ಸಂಜೆ ಅವರ ಮುಖ ಮಾತ್ರ ಪೆಚ್ಚಾಗಿತ್ತು.

ನಾನು ಮಾತ್ರ ಹುಷಾರಿನವಳು ಎಂಬ ಹೆಮ್ಮೆ ನನಗಿತ್ತು. ಅದು ಮಾರನೆಯ ದಿನದವರೆಗೆ ಉಳಿಯಿತು.

ಮೇಪಲ್ ಮರದ ಕೆಳಗೆ

ಅವತ್ತು ಕೆತ್ತನೆ ಶಾಲೆಯ ಅಂಗಳದಲ್ಲಿ, ಒಂದು ದೊಡ್ಡ ಮೇಪಲ್ ಮರದ ಕೆಳಗೆ. ಬಿದ್ದ ಎಲೆಗಳನ್ನೆಲ್ಲ ಎಳೆದು ಪಕ್ಕದಲ್ಲೇ ನನ್ನ ಎದೆಯೆತ್ತರಕ್ಕೆ ರಾಶಿ ಹಾಕಿದ್ದರು. ಊಟವಾದ ಮೇಲೆ ಶಾಲೆಯ ಪುಟ್ಟ ಮಕ್ಕಳು ಬಂದು ಅದರೊಳಗೆ ಹಾರಿ ಬೀಳುವುದು ಪ್ರತಿ ವರ್ಷದ ಹಬ್ಬವಂತೆ. ಕೆತ್ತಿ ಮುಗಿಸಿದ ಮಕ್ಕಳು ರಾಶಿಯ ಇನ್ನೊಂದು ಬದಿಯಲ್ಲಿ ಗೋಣಿಚೀಲಕ್ಕೆ ಎಲೆ ತುಂಬಿ ತೂಗುತ್ತಿದ್ದರು.

ಹೆಲ್ಮಿ ಇನ್ನೂ ಕೆತ್ತುತ್ತಿದ್ದಳು. ನಾನು ಅವಳ ಪಕ್ಕ ನಿಂತಿದ್ದೆ. ಅವಳ ಬೂಟಿನ ದಾರ ಬಿಚ್ಚಿಕೊಂಡಿತ್ತು. ಒರೆ ಬೆಂಚಿನ ಆ ತುದಿಯಲ್ಲಿತ್ತು. ಅವಳು ನಿಯಮದ ಪ್ರಕಾರ ಚಾಕುವಿನ ಹಿಡಿಯನ್ನು ನನ್ನ ಕಡೆ ಮಾಡಿ ಕೈ ಚಾಚಿದಳು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಯೋಚಿಸಿ ಮಾಡಿದ್ದಲ್ಲ. ಕೆಳಗಿಡು, ನಾನು ಎತ್ತಿಕೊಳ್ಳುತ್ತೇನೆ ಎಂದು ನೆಲ ತೋರಿಸಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಟೀಚರು ಹೇಳಿದ ಮೇಲೆ ಮಗು ಏನು ಮಾಡೀತು? ಎಲೆಗಳ ಮೇಲೆ ಚಾಕು ಇಟ್ಟು ದಾರ ಕಟ್ಟಿಕೊಳ್ಳಲು ಬಗ್ಗಿದಳು.

ಅದೇ ಹೊತ್ತಿಗೆ ಆ ಕಡೆ ಬೆಂಚಿನಿಂದ ಒಬ್ಬ ಹುಡುಗ ಚೀರಿದ. ಬೆರಳು ಕೊಯ್ದುಕೊಂಡಿದ್ದ. ನಾನು ಓಡಿದೆ. ಗಾಯ ಸಣ್ಣದು, ರಕ್ತ ನೋಡಿ ಹೆದರಿದ್ದ ಅಷ್ಟೆ. ತೊಳೆದು ಬಟ್ಟೆ ಕಟ್ಟಿದೆ. ಅಷ್ಟರಲ್ಲಿ ತೂಕದ ಗುಂಪಿನವರು ತೂಗಿದ ಎಲೆಗಳನ್ನು ವಾಪಸ್ಸು ರಾಶಿಯ ಸುತ್ತ ಸುರಿದಿದ್ದರು. ಗಾಳಿ ಬೇರೆ ಎದ್ದಿತ್ತು. ಚಾಕುವಿನ ನೆನಪು ನನ್ನ ತಲೆಯಿಂದ ಪೂರಾ ಹಾರಿಹೋಗಿತ್ತು. ಹೆಲ್ಮಿ ನಾನು ಎತ್ತಿಕೊಂಡಿದ್ದೇನೆ ಎಂದುಕೊಂಡಿದ್ದಳು.

ಲೀಸಾ ಪೆಟ್ಟಿಗೆ ಹಿಡಿದು ಬಂದರು. ಮಕ್ಕಳು ಒಬ್ಬೊಬ್ಬರಾಗಿ ಚಾಕು ತಂದಿಟ್ಟರು. ಒಂದು ಗುಳಿ ಖಾಲಿ ಉಳಿಯಿತು.

ಮಕ್ಕಳಿಗೆಲ್ಲ ಆ ಖಾಲಿ ಗುಳಿ ಯಾರದು ಎಂದು ಗೊತ್ತಿತ್ತು. ಲೀಸಾ ಹೆಲ್ಮಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಫಿನ್ನಿಶ್ ಭಾಷೆಯಲ್ಲಿ ಏನೋ ಕೇಳಿದರು. ನನಗೆ ಆ ಭಾಷೆ ಬಾರದು. ಆದರೆ ಎಲ್ಲಿಟ್ಟೆ, ಯಾಕಿಟ್ಟೆ ಎಂದು ಎಷ್ಟೋ ಮಕ್ಕಳನ್ನು ಹಾಗೆ ನಿಲ್ಲಿಸಿ ಕೇಳಿದವಳು ನಾನು. ಹೆಲ್ಮಿ ನನ್ನನ್ನು ನೋಡಿದಳು. ಆಮೇಲೆ ತನ್ನ ಬೂಟು ನೋಡಿಕೊಂಡಳು. ನೆಲ ತೋರಿಸಿದಳೇ ಹೊರತು ನನ್ನ ಕಡೆ ಬೆರಳು ಮಾಡಲಿಲ್ಲ.

ಆಗ ನನಗೆ ಎಲ್ಲವೂ ಹೊಳೆಯಿತು. ಪರದೇಶ, ಹಾಸನ ಜಿಲ್ಲೆಯ ಹೆಸರು, ನಿನ್ನೆಯ ಅಯಸ್ಕಾಂತ, ಎಲ್ಲ ಒಟ್ಟಿಗೆ ತಲೆಯಲ್ಲಿ ತಿರುಗಿತು. ಸುಮ್ಮನಿದ್ದುಬಿಡು ಎಂದು ಒಳಗಿನಿಂದ ಯಾರೋ ಅಂದಂತಾಯಿತು. ಆದರೆ ಆ ಹುಡುಗಿ ತಲೆ ಎತ್ತುತ್ತಿಲ್ಲ.

"ನಾನು ಇಡು ಅಂದೆ. ಅವಳು ನನ್ನ ಕೈಗೆ ಕೊಡಲು ಬಂದಳು, ನಾನೇ ನೆಲಕ್ಕೆ ಇಡಿಸಿದೆ" ಎಂದೆ.

ಲೀಸಾ ನನ್ನನ್ನು ದಿಟ್ಟಿಸಿದರು. "ಯಾಕೆ?"

ನಮ್ಮ ಕಡೆ ಎಂದು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು, "ಆಮೇಲೆ ಹೇಳಿ, ಮೊದಲು ಚಾಕು" ಎಂದರು.

ಕಿಟಕಿಯಲ್ಲಿ ಪುಟ್ಟ ಮುಖಗಳು

ಲೀಸಾ ಒಳಗೆ ಹೋಗಿ ಪುಟ್ಟ ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಹೇಳಿ ಬಂದರು. ಅವರ ಹಿಂದೆಯೇ ಮುಖ್ಯೋಪಾಧ್ಯಾಯಿನಿ ಬಂದು ಮೆಟ್ಟಿಲ ಮೇಲೆ ನಿಂತರು. ಅವರ ದನಿ ಏರಲಿಲ್ಲ. ಶಾಲೆ ಬಿಡುವುದರೊಳಗೆ ಸಿಗದಿದ್ದರೆ ರಾಶಿಗೆ ಬೇಲಿ ಹಾಕಿಸುತ್ತೇನೆ, ಪೆಟ್ಟಿಗೆ ನನ್ನ ಕೋಣೆಗೆ ಬರುತ್ತದೆ, ಪೋಷಕರಿಗೂ ನಾನೇ ಹೇಳಬೇಕಾಗುತ್ತದೆ ಎಂದು ಹೇಳಿ ಹೋದರು. ಪೆಟ್ಟಿಗೆ ಅವರ ಕೋಣೆಗೆ ಹೋದರೆ ಅಲ್ಲಿಗೆ ಕೆತ್ತನೆ ಮುಗಿದ ಹಾಗೆ. ಬೇರೆ ಮಕ್ಕಳದ್ದು ಆಗಿದೆ. ಹೆಲ್ಮಿಯದ್ದು ಅರ್ಧಕ್ಕೆ ನಿಂತಿದೆ.

ಮಕ್ಕಳನ್ನೆಲ್ಲ ಬೆಂಚಿನ ಮೇಲೆ ಕಾಲು ಎತ್ತಿ ಕೂರಿಸಿದರು. ಎಲೆಯೊಳಗೆ ಬರಿಗೈ ಹಾಕುವಂತಿಲ್ಲ. ನಾವು ಮೂವರೂ ಹಲ್ಲುಗೋಲು ಹಿಡಿದು ಎಲೆ ಎಳೆಯತೊಡಗಿದೆವು. ಒಂದು ಎಳೆತಕ್ಕೆ ಒಂದು ಹಿಡಿ ಎಲೆ ಬರುತ್ತದೆ, ಮೇಲಿನಿಂದ ಎರಡು ಹಿಡಿ ಉದುರುತ್ತದೆ. ಗಾಳಿಗೆ ನಮ್ಮ ಎದುರಿಗೇ ಎಳೆದದ್ದು ವಾಪಸ್ಸು ಹೋಗುತ್ತದೆ. ಹಳದಿ ಎಲೆಗಳ ಮಧ್ಯೆ ಏನು ಮಿನುಗಿದರೂ ಚಾಕುವೇ ಎನ್ನಿಸುತ್ತದೆ, ಹತ್ತಿರ ಹೋದರೆ ಒದ್ದೆ ಎಲೆ. ಆ ಎಲೆಗಳನ್ನು ನೋಡಿ ಮೊದಲ ದಿನ ಎಷ್ಟು ಫೋಟೊ ತೆಗೆದಿದ್ದೆ. ಈಗ ಅವುಗಳ ಮೇಲೆ ಹಗೆ ಹುಟ್ಟಿತು.

ಕಿಟಕಿಯ ಹಿಂದೆ ಪುಟ್ಟ ಮಕ್ಕಳು ದಪ್ಪನೆಯ ಚಳಿಯಂಗಿ, ಟೋಪಿ ಎಲ್ಲ ಹಾಕಿಕೊಂಡು, ಗಾಜಿಗೆ ಮೂಗು ಒತ್ತಿ ನಿಂತಿದ್ದವು. ನಾನು ಅತ್ತ ನೋಡುವುದನ್ನೇ ಬಿಟ್ಟೆ.

ಬೆಳಕು ಇಳಿಯುತ್ತಿತ್ತು. ಅಲ್ಲಿ ಮಧ್ಯಾಹ್ನವೇ ಸಂಜೆಯ ಹಾಗಿರುತ್ತದೆ. ಮಂಜೇಗೌಡರು ಇದ್ದಕ್ಕಿದ್ದಂತೆ ಹಲ್ಲುಗೋಲು ಕೆಳಗೆ ಹಾಕಿ ನನ್ನ ಹತ್ತಿರ ಬಂದರು.

"ಮೇಡಂ, ಕೇಳ್ಬೋದಾ ಕೇಳ್ಬಾರ್ದಾ ಗೊತ್ತಾಯ್ತಿಲ್ಲ. ನಮ್ದು ಒಳಗದೆಯಲ್ಲ."

"ಯಾವ್ದು?"

"ಅದೇ. ಬೀಗ ಆಕವ್ರಲ್ಲ."

ನನಗೆ ಆ ಕ್ಷಣದಲ್ಲಿ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಲೀಸಾಗೆ ನಾನೇ ಹೇಳಿದೆ. ಅವರು ಒಳಗೆ ಓಡಿದರು. ಅಯಸ್ಕಾಂತ ಬಂತು, ಜೊತೆಗೆ ಮಕ್ಕಳ ಆಟದ ಹಗ್ಗ. ಮಂಜೇಗೌಡರು ಹಗ್ಗ ಕಟ್ಟಿ, ಹೊಳೆ ಮರಳಲ್ಲಿ ಎಳೆಯುವಂತೆ ನಿಧಾನಕ್ಕೆ, ಎಲೆಗಳ ಅಡಿಯಲ್ಲಿ ನೆಲಕ್ಕೆ ತಾಗಿಸಿ ಎಳೆದರು.

ಮೊದಲು ಬಂದಿದ್ದು ಒಂದು ಬಾಟಲಿ ಮುಚ್ಚಳ. ಬೆಂಚಿನ ಮೇಲಿದ್ದ ಮಕ್ಕಳು ಎದ್ದು ನಿಂತರು. ಆಮೇಲೆ ತುಕ್ಕು ಹಿಡಿದ ಮೊಳೆ. ಆಮೇಲೆ ಯಾರದೋ ತಲೆಗೂದಲಿನ ಪಿನ್ನು. ಒಂದೊಂದು ಸಲ 'ಟಕ್' ಎಂದಾಗಲೂ ನಾನು ಬಗ್ಗಿ ನೋಡುತ್ತಿದ್ದೆ. ಹೆಲ್ಮಿ ಇಟ್ಟ ಜಾಗದ ಸುತ್ತ ಎಳೆದು ಮುಗಿಯಿತು. ಇಲ್ಲ. ರಾಶಿಯ ಅಂಚು ಮುಗಿಯಿತು. ಇಲ್ಲ. ಒಳಗಿನಿಂದ ಗಂಟೆಯ ಸದ್ದು ಕೇಳಿತು. ಮುಖ್ಯೋಪಾಧ್ಯಾಯಿನಿ ಮತ್ತೆ ಮೆಟ್ಟಿಲಿಗೆ ಬಂದರು.

"ಇನ್ನೊಂದ್ ಕಿತ ಎಳೀತೀನಿ ತಾಳಿ" ಎಂದು ಮಂಜೇಗೌಡರು ಕನ್ನಡದಲ್ಲೇ ಅವರಿಗೆ ಹೇಳಿದರು. ಅವರು ತಾಳಿದರು. ಮೇಷ್ಟ್ರು ಈ ಸಲ ಗೋಣಿಚೀಲಗಳನ್ನು ಎಳೆದಾಡಿದ ದಾರಿಯಲ್ಲೇ ಹೋದರು, ಬೆಂಚಿನ ಕಾಲಿನವರೆಗೆ. ಹಗ್ಗ ಬಿಗಿಯಾಯಿತು. ಟಕ್ ಎಂದಿತು. ಎತ್ತಿದಾಗ ಅಯಸ್ಕಾಂತಕ್ಕೆ ಅಡ್ಡಲಾಗಿ ಅಂಟಿಕೊಂಡು, ಮರದ ಹಿಡಿ ತೂಗಾಡುತ್ತಾ, ಚಾಕು ಮೇಲೆ ಬಂತು.

ಮಕ್ಕಳು ಕೂಗಲಿಲ್ಲ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಲೀಸಾ ಚಾಕುವನ್ನು ಎರಡೂ ಕೈಯಿಂದ ಬಿಡಿಸಿ ಗುಳಿಯಲ್ಲಿಟ್ಟು ಮುಚ್ಚಳ ಹಾಕಿ ಬೆಂಚಿನ ಮೇಲೆ ಕುಸಿದು ಕೂತರು. ಮುಖ್ಯೋಪಾಧ್ಯಾಯಿನಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಪುಟ್ಟ ಮಕ್ಕಳು ಓಡಿ ಬಂದು ಎಲೆಯೊಳಗೆ ಧುಮುಕಿದವು. ನಾನು ಮರಕ್ಕೆ ಒರಗಿ ಅತ್ತೆ. ಮಂಜೇಗೌಡರು ಕಾಣದವರಂತೆ ಅಯಸ್ಕಾಂತ ಒರೆಸುತ್ತಾ ಕೂತರು.

ತೀರ್ಪು

ಮಾರನೆಯ ಬೆಳಿಗ್ಗೆ ತರಗತಿಯವರೆಲ್ಲ ವೃತ್ತಾಕಾರದಲ್ಲಿ ಕೂತರು. ಚಾಕು ನೆಲಕ್ಕೆ ಇಟ್ಟವರಿಗೆ ಮತ್ತೆ ಚಾಕು ಇಲ್ಲ ಎನ್ನುವುದು ಅವರದೇ ನಿಯಮ. ಇಟ್ಟವಳು ಹೆಲ್ಮಿ, ಇಡಿಸಿದವಳು ನಾನು. ಏನು ಮಾಡಬೇಕೆಂದು ನೀವೇ ಹೇಳಿ ಎಂದು ಲೀಸಾ ಮಕ್ಕಳಿಗೆ ಬಿಟ್ಟರು. ನಮ್ಮ ಶಾಲೆಯಲ್ಲಾಗಿದ್ದರೆ ನಾನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಇಲ್ಲಿ ನಾನೇ ಅಪರಾಧಿ, ಹೆಲ್ಮಿಯ ಪಕ್ಕ ಕೂತೆ.

ಯಾಕೆ ಇಡಿಸಿದೆ ಎಂದು ಕೇಳಿದರು. ನಮ್ಮವ್ವ ಚಾಪೆಯ ಮೇಲೆ ಚಾಕು ಇಟ್ಟದ್ದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದೆ. ಲೀಸಾ ಅದನ್ನು ಅವರ ಭಾಷೆಗೆ ಹೇಳಿದರು. ಮಕ್ಕಳು ನಗಲಿಲ್ಲ, ಗಂಭೀರವಾಗಿ ಕೇಳಿದರು.

ಬೆರಳು ಕೊಯ್ದುಕೊಂಡಿದ್ದ ಹುಡುಗ ಕೈ ಎತ್ತಿದ. "ಕೆಳಗಿಟ್ಟರೆ ನಿಮ್ಮಲ್ಲಿ ಜಗಳವೇ ಆಗುವುದಿಲ್ಲವಾ?"

"ಆಗುತ್ತದೆ, ದಿನಾ ಆಗುತ್ತದೆ. ಆದರೆ ಚಾಕುವಿನಿಂದ ಆಯಿತು ಎಂದು ಹೇಳುವಂತಿಲ್ಲ" ಎಂದೆ. ಲೀಸಾ ಅದನ್ನು ಹೇಳುವಾಗ ಮೊದಲ ಸಲ ನಕ್ಕರು.

ತೀರ್ಪು ಹೀಗಾಯಿತು. ಟೀಚರ ಮಾತು ಕೇಳಿದ್ದಕ್ಕೆ ಹೆಲ್ಮಿಗೆ ಶಿಕ್ಷೆ ಇಲ್ಲ. ಶಶಿ ಹೊರಡುವವರೆಗೆ ಚಾಕು ಮುಟ್ಟುವಂತಿಲ್ಲ, ರಾಶಿಯಿಂದ ಚೆದುರಿದ ಎಲೆಗಳನ್ನೆಲ್ಲ ಎಳೆದು ಹಾಕಬೇಕು. ಅದು ನ್ಯಾಯವೇ. ಎರಡು ಮಧ್ಯಾಹ್ನ ಎಲೆ ಎಳೆದೆ. ಮಂಜೇಗೌಡರಿಗೆ ಮಾತ್ರ ಅಂಗಳದ ತುಂಬ ಶಿಷ್ಯರು. ಅವರ ಹಗ್ಗದ ಹಿಂದೆ ಇಡೀ ಶಾಲೆ ಓಡುತ್ತಿತ್ತು.

ತೀರ್ಪಾದ ದಿನ ಸಂಜೆ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳಿಗೆ ಪಶ್ಚಾತ್ತಾಪದ ಮಾತೇ ಅರ್ಥವಾಗಲಿಲ್ಲ.

"ಮತ್ತೆ ಕೈಗ್ ಇಸ್ಕಳಕಾಯ್ತದಾ? ಸರ್ಯಾಗೇ ಯೋಳಿದ್ದೀಯ ಕಣವ್ವ. ಎತ್ಕಳದ ಮರ್ತಿದ್ದು ನಿನ್ ತಪ್ಪು" ಎಂದಳು.

ಯೋಚಿಸಿ ನೋಡಿದರೆ ಅದೂ ನಿಜವೇ.

ಹೊರಡುವ ದಿನ

ಚೀಲ ಕಟ್ಟಿ, ಲೀಸಾಗೆ ಅವ್ವನ ಚಟ್ನಿಪುಡಿ ಕೊಟ್ಟು, ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿದ್ದೆ. ಮಕ್ಕಳೆಲ್ಲ ಬಂದು ಕೈ ಕುಲುಕಿ ಹೋದರು. ಹೆಲ್ಮಿ ಕಾಣಲಿಲ್ಲ. ನನ್ನ ಮೇಲೆ ಬೇಸರವಿದ್ದರೆ ಆಶ್ಚರ್ಯವಿಲ್ಲ ಎಂದುಕೊಂಡೆ. ಹೊರಗೆ ಕಾರು ಕಾಯುತ್ತಿತ್ತು.

ಆಗ ಅವಳು ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದಳು. ಕೈಯಲ್ಲಿ ಬೆಣ್ಣೆ ಸವರುವ ಅಲಗು. ಮುಗಿಸಿದ್ದಳು. ಹಿಡಿಯ ತುದಿಯಲ್ಲಿ ಒಂದು ಮೇಪಲ್ ಎಲೆ ಕೆತ್ತಿದ್ದಳು, ನರಗಳ ಸಮೇತ. ಅವಳಿಗೆ ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದು ಆಗ ಗೊತ್ತಾಯಿತು. ನನಗೇ ಇರಬೇಕು ಎಂದು ಎರಡೂ ಕೈ ಚಾಚಿದೆ.

ಅವಳು ಕೈಗೆ ಕೊಡಲಿಲ್ಲ. ತಲೆಯಾಡಿಸಿ, ನನ್ನ ಮುಂದೆ ಬಗ್ಗಿ, ಅದನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು, ಅರಕಲಗೂಡಿನಲ್ಲಿ ನಮ್ಮವ್ವ ನಿಂತಿದ್ದಂತೆಯೇ. ನಾನು ಎತ್ತಿಕೊಳ್ಳುವವರೆಗೆ ಅಲ್ಲಿಂದ ಕದಲಲಿಲ್ಲ.